‘ಇಲ್ಲಿ ನಡೀರಿ ಸರ್’: ಹೊಸ ಕೋಚ್ ಜೊತೆ ಮೊದಲ ಹನ್ನೊಂದು ವಾರ

(ಮೈಸೂರಿನಲ್ಲಿ ಓಟಗಾರರು, ಸೈಕಲ್ ಸವಾರರು ಸೇರಿದ್ದ ಒಂದು ಸಣ್ಣ ಕೂಟದಲ್ಲಿ ಆಗಸ್ಟ್ ತಿಂಗಳ ಭಾನುವಾರ ಸಂಜೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ಸ್ಪರ್ಧೆ ಮುಗಿಸಿ ಮೆಡಲ್ ಹಾಕಿಕೊಂಡು ಬಂದವನಲ್ಲ. ನನ್ನ ಸ್ಪರ್ಧೆ ಇರುವುದು ನವೆಂಬರ್‌ನಲ್ಲಿ, ಗೋವಾದಲ್ಲಿ. ಇವತ್ತಿಗೆ ತರಬೇತಿಯ ಹನ್ನೊಂದನೇ ವಾರ ಮುಗಿಯಿತು. ಮುಗಿಸಿದವರ ಅನುಭವ ಕೇಳಲು ಬೇಕಾದಷ್ಟು ಸಿಗುತ್ತದೆ. ಈಗಷ್ಟೇ ಶುರು ಮಾಡಿದವರ ಮಾತು ಸಿಗುವುದು ಕಡಿಮೆ. ಶುರುವಿನ ದಿನಗಳು ಬೇಗ ಮರೆತುಹೋಗುತ್ತವೆ ಅಲ್ವಾ? ನನಗೆ ಇನ್ನೂ ಹಸಿಯಾಗಿ ನೆನಪಿದೆ. ಅದಕ್ಕೇ ಒಪ್ಪಿಕೊಂಡೆ.

ಟ್ರಯಥ್ಲಾನ್ ಗೊತ್ತಿಲ್ಲದವರಿಗೆ ಎರಡು ಮಾತು. ಈಜು, ಸೈಕಲ್, ಓಟ, ಮೂರೂ ಒಂದರ ಹಿಂದೆ ಒಂದು. ನಡುವೆ ಗಡಿಯಾರ ನಿಲ್ಲುವುದಿಲ್ಲ. ಶೂ ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಒಲಿಂಪಿಕ್ಸ್‌ಗೆ ಇದು ಬಂದಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಅಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನಾನು ಹೆಸರು ಕೊಟ್ಟಿರುವುದು ಐರನ್‌ಮ್ಯಾನ್ 70.3ಕ್ಕೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಕೂಡಿದರೆ 113 ಕಿ.ಮೀ., ಮೈಲಿಯಲ್ಲಿ ಹೇಳಿದರೆ 70.3. ಹೆಸರು ಬಂದಿದ್ದು ಅಲ್ಲಿಂದ. ಭಾರತದಲ್ಲಿ ಇದು ಮೊದಲು ನಡೆದಿದ್ದು 2019ರಲ್ಲಿ, ಗೋವಾದ ಮಿರಾಮಾರ್ ಕಡಲ ತೀರದಲ್ಲಿ. ಎಂಟೂವರೆ ಗಂಟೆಯೊಳಗೆ ಮುಗಿಸಬೇಕು. ಅದರಲ್ಲಿ ಈಜಿಗೆ 1 ಗಂಟೆ 10 ನಿಮಿಷ. ಅಷ್ಟರೊಳಗೆ ದಡ ಸೇರದಿದ್ದರೆ ಸೈಕಲ್ ಮುಟ್ಟುವ ಹಾಗಿಲ್ಲ.

ನನಗೆ 43 ವರ್ಷ. ಬ್ಯಾಂಕಿನಲ್ಲಿ ಕೆಲಸ. ಊರು ಮದ್ದೂರಿನ ಹತ್ತಿರದ ಒಂದು ಹಳ್ಳಿ. ಈಜು ಕಲಿತಿದ್ದು ನಮ್ಮ ತೋಟದ ಬಾವಿಯಲ್ಲಿ. ನಮ್ಮ ಚಿಕ್ಕಪ್ಪ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ತಳ್ಳಿದರು. ಮೂರನೇ ದಿನಕ್ಕೆ ಬುರುಡೆ ಬಿಚ್ಚಿದರು. ಹಾಗೆ ಕಲಿತವರು ಇಲ್ಲಿ ಇನ್ನೂ ಕೆಲವರು ಇರಬಹುದು. ಆ ಈಜಿನ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ. ನೀರಿನ ಹೆದರಿಕೆ ಹೋಗಿದ್ದೇ ಅದರಿಂದ. ಆದರೆ ತಲೆ ಮೇಲೆತ್ತಿ ಈಜುವ ಅಭ್ಯಾಸ ಆಗ ಕೂತಿದ್ದು, ಇವತ್ತಿಗೂ ಪೂರ್ತಿ ಬಿಟ್ಟಿಲ್ಲ. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಇದಕ್ಕೆ ಮುಂಚೆ ಒಂದು ಕಡೆ ತರಬೇತಿಗೆ ಸೇರಿದ್ದೆ. ಮೂವತ್ತು ಜನಕ್ಕೆ ಒಂದೇ ಪ್ಲಾನ್. ಭಾನುವಾರ ರಾತ್ರಿ ವಾಟ್ಸಾಪ್‌ಗೆ ಬರುತ್ತಿತ್ತು. 26ರ ಹುಡುಗನಿಗೂ ಅದೇ, ನನಗೂ ಅದೇ. ನಾನು ಚಾಚೂ ತಪ್ಪದೆ ಮಾಡಿದೆ. ಒಂಬತ್ತನೇ ವಾರಕ್ಕೆ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆಯಲ್ಲಿ ನೋವು ಶುರುವಾಯಿತು. ಬೆರಳಿಟ್ಟು ಒತ್ತಿದರೆ ಒಂದೇ ಒಂದು ಜಾಗದಲ್ಲಿ ಚುಳ್ ಎನ್ನುತ್ತಿತ್ತು. ಹೇಳಿದರೆ ‘ಐಸ್ ಇಡಿ, ಓಡಿ’ ಎಂದರು. ಓಡಿದೆ. ಕೊನೆಗೆ ಮೂಳೆ ಡಾಕ್ಟರು ಎಂಆರ್‌ಐ ಮಾಡಿಸಿ ಆರು ವಾರ ಓಟ ನಿಲ್ಲಿಸಿದರು. ದಯವಿಟ್ಟು ಇದನ್ನು ನೆನಪಿಡಿ: ಓಡುವವರಿಗೆ ಮೂಳೆಯ ಮೇಲೆ ಒಂದೇ ಬಿಂದುವಿನಲ್ಲಿ ನೋವು ಬಂದರೆ ಅದನ್ನು ಸಹಿಸಿಕೊಂಡು ಓಡುವ ಹಾಗಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ.

ಹೊಸ ಕೋಚ್ ಸಿಕ್ಕಿದ್ದು ಅದಾದ ಮೇಲೆ. ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಮೊದಲು ಈಜುಗಾರ್ತಿ. ಇರುವುದು ಬೆಂಗಳೂರಿನಲ್ಲಿ. ತಿಂಗಳಿಗೊಮ್ಮೆ ಮೈಸೂರಿಗೆ ಬಂದು ಈಜುಕೊಳದಲ್ಲಿ ನೋಡುತ್ತಾರೆ, ಮಿಕ್ಕಿದ್ದು ಫೋನಿನಲ್ಲಿ. ನಾನು ‘ಮೇಡಂ’ ಅನ್ನುತ್ತೇನೆ, ಅವರು ‘ಸರ್’ ಅನ್ನುತ್ತಾರೆ.

ಮೊದಲ ಫೋನ್ ಕರೆ ಐವತ್ತು ನಿಮಿಷ. ನಾನು ನನ್ನ ಹಾಫ್ ಮ್ಯಾರಥಾನ್ ಟೈಮಿಂಗ್ ಎಲ್ಲ ಬರೆದಿಟ್ಟುಕೊಂಡು ಕೂತಿದ್ದೆ. ಅವರು ಅದನ್ನು ಕೇಳಲೇ ಇಲ್ಲ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ? ನಡುವೆ ಎಚ್ಚರ ಆಗುತ್ತಾ? ಬ್ಯಾಂಕಿನಲ್ಲಿ ಯಾವ ತಿಂಗಳು ಕೆಲಸ ಜಾಸ್ತಿ? ಬಿಪಿ ಯಾವಾಗ ನೋಡಿಸಿದ್ದು? ಇಸಿಜಿ ಆಗಿದೆಯಾ? ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಆಗಿತ್ತಾ? ಕೊನೆಗೆ, ‘ನಿಮ್ಮ ಮನೆಯವರು ಏನಂತಾರೆ ಸರ್?’

ನಮ್ಮ ಮನೆಯವರು ಪಕ್ಕದಲ್ಲೇ ಇದ್ದರು. ಫೋನ್ ಅವರ ಕೈಗೆ ಕೊಟ್ಟೆ. ಅವರದು ಒಂದೇ ಷರತ್ತು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಒಟ್ಟಿಗೆ ಕೂತು ತಿಂಡಿ ತಿನ್ನಬೇಕು. ಮೇಡಂ ‘ಆಯ್ತು ಮೇಡಂ’ ಎಂದರು. ಎರಡು ದಿನಕ್ಕೆ ಪ್ಲಾನ್ ಬಂತು. ಪ್ರತಿ ಭಾನುವಾರದ ಉದ್ದ ಓಟ ಎಂಟೂವರೆಗೆ ಮುಗಿಯುವ ಹಾಗೆ ಇಟ್ಟಿದ್ದರು. ಕೆಳಗೆ ‘9:00 ತಿಂಡಿ, ಮನೆ’ ಎಂದೂ ಬರೆದಿತ್ತು. ಜೂನ್ ಕೊನೆ, ಸೆಪ್ಟೆಂಬರ್ ಕೊನೆ ಬ್ಯಾಂಕಿಗೆ ಕ್ವಾರ್ಟರ್ ಮುಗಿಯುವ ಕಾಲ. ಆ ಸಮಯಕ್ಕೆ ಸರಿಯಾಗಿ ಹಗುರ ವಾರ ಬರುವಂತೆ ಜೋಡಿಸಿದ್ದರು. ಆವತ್ತೇ ನನಗೆ ನಂಬಿಕೆ ಬಂತು. ಇದು ನನಗೇ ಬರೆದ ಪ್ಲಾನ್.

ಮೊದಲ ವಾರ ಪೂರ್ತಿ ಪರೀಕ್ಷೆಗಳು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ‘ನನಗೇ ಬರೆದ ಪ್ಲಾನ್’ ಎಂಬ ಮಾತಿಗೆ ಅರ್ಥ ಬರುವುದೇ ಇಲ್ಲಿ.

ಈಜು. ನಮ್ಮದು 25 ಮೀಟರ್ ಕೊಳ. ಮೊದಲು 400 ಮೀಟರ್, ಅಂದರೆ ಹದಿನಾರು ಸಲ ಆ ಕಡೆಯಿಂದ ಈ ಕಡೆಗೆ. ಸುಧಾರಿಸಿಕೊಂಡು ಆಮೇಲೆ 200 ಮೀಟರ್. ಎರಡೂ ಆದಷ್ಟು ಜೋರಾಗಿ. ನನಗೆ 400ಕ್ಕೆ 10 ನಿಮಿಷ 20 ಸೆಕೆಂಡ್, 200ಕ್ಕೆ 4 ನಿಮಿಷ 50 ಸೆಕೆಂಡ್. ಒಂದರಲ್ಲಿ ಇನ್ನೊಂದು ಕಳೆಯಿರಿ, 330 ಸೆಕೆಂಡ್. ಅದು 200 ಮೀಟರಿಗೆ. ಅರ್ಧ ಮಾಡಿದರೆ 100 ಮೀಟರಿಗೆ 165 ಸೆಕೆಂಡ್, ಅಂದರೆ 2:45. ಬಹಳ ಹೊತ್ತು ದಣಿಯದೆ ಹಿಡಿದಿಡಬಹುದಾದ ವೇಗಕ್ಕೆ ಇದು ಅಂದಾಜು. ಇದೇ ಲೆಕ್ಕದಲ್ಲಿ ಹೋದರೆ 1,900 ಮೀಟರಿಗೆ 52 ನಿಮಿಷ ಚಿಲ್ಲರೆ. ‘ಗಡುವಿನ ಒಳಗೇ ಇದ್ದೀರಿ ಸರ್, ಗಾಬರಿ ಬೇಡ’ ಎಂದರು. ಎರಡು ವರ್ಷದಿಂದ ರಾತ್ರಿ ಕಾಡುತ್ತಿದ್ದ ಭಯ ಒಂದು ಕಳೆಯುವ ಲೆಕ್ಕದಲ್ಲಿ ಅರ್ಧ ಇಳಿಯಿತು.

ಆಮೇಲೆ ಕೊಳದ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಫೋನಿನಲ್ಲಿ ತೆಗೆದ ವಿಡಿಯೋ ತೋರಿಸಿದರು. ಉಸಿರಿಗೆ ಪ್ರತಿ ಸಲ ತಲೆ ಎತ್ತುತ್ತಿದ್ದೇನೆ. ತಲೆ ಎದ್ದಷ್ಟೂ ಸೊಂಟ ಮುಳುಗುತ್ತಿದೆ, ಕಾಲು ಲಂಗರಿನ ಹಾಗೆ ಕೆಳಗೆ ಎಳೆಯುತ್ತಿದೆ. ಬಾವಿಯಲ್ಲಿ ಅದು ಸರಿ, ಅಲ್ಲಿ ಸುತ್ತಲೂ ಕಲ್ಲುಗೋಡೆ, ಮೇಲೆ ನೋಡಲೇಬೇಕು. ಮೇಡಂ ವೇಗದ ಮಾತೇ ಎತ್ತಲಿಲ್ಲ. ‘ಒಂದು ಕಣ್ಣು ನೀರೊಳಗೆ, ಒಂದು ಕಣ್ಣು ಹೊರಗೆ. ಅಷ್ಟು ತಿರುಗಿಸಿದ್ರೆ ಸಾಕು ಸರ್. ಒಂದು ತಿಂಗಳು ಇದಿಷ್ಟೇ ಮಾಡಿ.’ ಆಗ 25 ಮೀಟರಿಗೆ ನನಗೆ 32 ಕೈ ಬೀಸು ಬೇಕಿತ್ತು. ಈಗ 26. ಅಷ್ಟೇ ದೂರ, ಆರು ಬೀಸು ಕಡಿಮೆ.

ಈಜಿನ ಮಾತು ಬಂದಿದ್ದಕ್ಕೆ ಇನ್ನೊಂದು. ತೆರೆದ ನೀರಿನ ಅಭ್ಯಾಸ ಬೇಕು ಎಂದು ಯಾರೂ ಒಬ್ಬರೇ ನಾಲೆಗೆ ಇಳಿಯಬೇಡಿ. ನಾನು ಮಂಡ್ಯದ ಕಡೆಯವನು. ವಿಶ್ವೇಶ್ವರಯ್ಯ ನಾಲೆ ಎಷ್ಟು ಮನೆಗಳಲ್ಲಿ ಕಣ್ಣೀರು ತರಿಸಿದೆ ಎಂದು ನೋಡಿದವನು. ಮೇಲೆ ಶಾಂತವಾಗಿ ಕಾಣುತ್ತದೆ, ಒಳಗೆ ಸೆಳೆತ. ಸಿಮೆಂಟ್ ದಡದಲ್ಲಿ ಪಾಚಿ, ಕೈಗೆ ಹಿಡಿತ ಸಿಗುವುದಿಲ್ಲ. ಗೊತ್ತಿರುವವರ ಜೊತೆ, ಕಾವಲಿರುವ ಕಡೆ ಮಾತ್ರ ಇಳಿಯಿರಿ.

ಸೈಕಲ್ ಪರೀಕ್ಷೆ ಮನೆಯಲ್ಲೇ, ಸೈಕಲ್ ಅನ್ನು ಟ್ರೇನರ್ ಎಂಬ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಇಪ್ಪತ್ತು ನಿಮಿಷ ಒಂದೇ ಸಮ ಶಕ್ತಿ ಹಾಕಿ ತುಳಿಯಬೇಕು. ಸರಾಸರಿ 178 ವಾಟ್ ಬಂತು. ಅದರ ಶೇ. 95, ಅಂದರೆ 169, ಒಂದು ಗಂಟೆ ಹಿಡಿದಿಡಬಹುದಾದ ಶಕ್ತಿ ಎಂದು ಇಟ್ಟುಕೊಳ್ಳುತ್ತಾರೆ. ಎಫ್‌ಟಿಪಿ ಅನ್ನುವುದು ಇದನ್ನೇ. ಮುಂದಿನ ಎಲ್ಲ ಸೈಕಲ್ ಅಭ್ಯಾಸವೂ ಈ 169ರ ಮೇಲೆ ನಿಂತಿದೆ.

ಓಟದ್ದು ಬೇರೆ. ಮೂವತ್ತು ನಿಮಿಷ ಒಬ್ಬರೇ, ಸ್ಪರ್ಧೆಯ ಹಾಗೆ ಓಡಬೇಕು. ಕೊನೆಯ ಇಪ್ಪತ್ತು ನಿಮಿಷದ ಎದೆಬಡಿತದ ಸರಾಸರಿ ತೆಗೆದುಕೊಳ್ಳಬೇಕು. ನನ್ನದು 168. ಅಲ್ಲಿವರೆಗೆ ನಾನು ನಂಬಿಕೊಂಡಿದ್ದು ‘220ರಲ್ಲಿ ವಯಸ್ಸು ಕಳೆಯಿರಿ’ ಎಂಬ ಲೆಕ್ಕವನ್ನು. ಅದರ ಪ್ರಕಾರ ನನ್ನ ಗರಿಷ್ಠ ಎದೆಬಡಿತ 177 ಇರಬೇಕಿತ್ತು. ಆ ಪರೀಕ್ಷೆಯ ಕೊನೆಯಲ್ಲೇ 183 ಮುಟ್ಟಿತ್ತು. ಆ ಸೂತ್ರ ಬಹಳ ಜನರ ಸರಾಸರಿ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಆ ಕಡೆ ಈ ಕಡೆ ಸುಲಭವಾಗಿ ಹೋಗುತ್ತದೆ. ವಾಚ್‌ಗಳು ಸುಮಾರಾಗಿ ಅದನ್ನೇ ಇಟ್ಟುಕೊಂಡು ಬರುತ್ತವೆ. ನಿಮ್ಮ ವಾಚ್ ತೋರಿಸುವ ಎದೆಬಡಿತದ ಹಂತಗಳನ್ನು, ಅಂದರೆ ಝೋನ್‌ಗಳನ್ನು ನಂಬುವ ಮೊದಲು ಒಂದು ಸಲ ಪರೀಕ್ಷೆ ಮಾಡಿ, ನಿಮ್ಮದೇ ಅಂಕಿ ಹಾಕಿ.

ಹಗುರ ಓಟಕ್ಕೆ ಮೇಡಂ ಹಾಕಿದ ಗೆರೆ 145. ದಾಟಿದರೆ ನಡೆಯಬೇಕು.

ನಾನು ಅಲ್ಲಿವರೆಗೆ ಎಲ್ಲ ಓಟವನ್ನೂ ಕಿಲೋಮೀಟರಿಗೆ ಐದೂವರೆ ನಿಮಿಷದ ಹಾಗೆ ಓಡುತ್ತಿದ್ದೆ. ದಿನಾ ಅದೇ ವೇಗ, ದಿನಾ 160ರ ಮೇಲೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮೊದಲ ಬೆಳಿಗ್ಗೆ ಹೊರಟೆ. ನಾನೂರು ಮೀಟರ್ ಆಗಿರಲಿಲ್ಲ, ವಾಚ್ ಕೈ ಮೇಲೆ ಗುರ್ ಎಂದಿತು, 146. ನಡೆದೆ. 138ಕ್ಕೆ ಇಳಿಯಿತು, ಓಡಿದೆ. ಮತ್ತೆ ಗುರ್. ದಿನಾ ವಾಕಿಂಗ್ ಬರುವ ರಿಟೈರ್ಡ್ ಮೇಷ್ಟ್ರು ಒಬ್ಬರು ನನ್ನನ್ನು ದಾಟಿ ಹೋದರು. ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನಿಂತರು. ‘ಏನಪ್ಪಾ, ಹುಷಾರಿಲ್ವಾ?’

ಹುಷಾರಾಗಿದ್ದೇನೆ ಸಾರ್, ಕೋಚ್ ಹೀಗೆ ಹೇಳಿದ್ದಾರೆ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಆ ದಿನ ಸರಾಸರಿ ಕಿಲೋಮೀಟರಿಗೆ 7:40. ಮನೆಗೆ ಬಂದು ಮೇಡಂಗೆ ಫೋನ್ ಮಾಡಿದೆ. ಇಷ್ಟು ನಿಧಾನ ಓಡಿ ಏನು ಸಿಗುತ್ತೆ ಮೇಡಂ? ಅವರು ಸಿಟ್ಟು ಮಾಡಲಿಲ್ಲ, ಕೂತು ಬಿಡಿಸಿ ಹೇಳಿದರು. ಹಗುರವಾಗಿ ಬಹಳ ಹೊತ್ತು ಮಾಡಿದಾಗ ಸ್ನಾಯುವಿನ ಒಳಗೆ ಸಣ್ಣ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೋಕಾಂಡ್ರಿಯಾ ಹೆಚ್ಚುತ್ತದೆ. ಕೊಬ್ಬನ್ನು ಉರಿಸಿಕೊಂಡು ಓಡಲು ದೇಹ ಕಲಿಯುತ್ತದೆ. ಆಮೇಲೆ ಹೇಳಿದ ಮಾತು ನನಗೆ ನೇರ ತಾಗಿತು. ಹೃದಯ, ದಮ್ಮು ಕೆಲವು ವಾರಗಳಲ್ಲೇ ಬಲ ಆಗುತ್ತವೆ. ಮೂಳೆ, ಸ್ನಾಯುರಜ್ಜು ಬಲ ಆಗಲು ತಿಂಗಳುಗಳು ಬೇಕು. ‘ಉಸಿರು ಸಾಥ್ ಕೊಡ್ತಿದೆ ಅಂತ ನೀವು ಓಡ್ತೀರಿ, ಮೂಳೆ ಇನ್ನೂ ತಯಾರಾಗಿರಲ್ಲ. ಹೋದ ಸಲ ಆಗಿದ್ದು ಅದೇ ಸರ್. ಏರು ಬಂದ್ರೆ ಅಲ್ಲಿ ನಡೀರಿ.’

ಒಂದು ಒಳ್ಳೆಯದಾಯಿತು. ಆ ಕೆರೆಯ ಏರಿಯ ಮೇಲೆ ವರ್ಷಗಟ್ಟಲೆ ಓಡಿದ್ದರೂ ನೀರಿನ ಕಡೆ ನೋಡಿರಲಿಲ್ಲ. ನಡೆಯುವಾಗ ನೋಡಿದೆ. ಹೆಜ್ಜಾರ್ಲೆಗಳು ಸಾಲಾಗಿ ಕೂತಿದ್ದವು. ಕೊಕ್ಕರೆಬೆಳ್ಳೂರು ನಮ್ಮೂರಿಗೆ ದೂರವಿಲ್ಲ. ಚಿಕ್ಕಂದಿನಲ್ಲಿ ಅಲ್ಲಿ ಮನೆಗಳ ಪಕ್ಕದ ಮರಗಳಲ್ಲೇ ಇವುಗಳ ಗೂಡು ಕಂಡಿದ್ದೆ.

ಹನ್ನೊಂದನೇ ವಾರದಲ್ಲಿ ಅದೇ 145ರ ಗೆರೆಯೊಳಗೆ, ಅದೇ ಏರಿಯ ಮೇಲೆ ನನ್ನ ವೇಗ 6:50. ನಡಿಗೆ ಬಹುತೇಕ ನಿಂತಿದೆ. ಇದಕ್ಕೆ ಹತ್ತು ವಾರ ಬೇಕಾಯಿತು. ಎರಡನೇ ವಾರದಲ್ಲೇ ನಿಲ್ಲಿಸಿಬಿಟ್ಟಿದ್ದರೆ ‘ನಿಧಾನ ಓಟದಿಂದ ಏನೂ ಆಗಲ್ಲ’ ಎಂದು ನಿಮ್ಮ ಮುಂದೆ ಖಂಡಿತ ಹೇಳುತ್ತಿದ್ದೆ.

ವಾರದಲ್ಲಿ ಒಂದು ದಿನ ಸೈಕಲ್ ಮೇಲೆ ಕಷ್ಟದ ಅಭ್ಯಾಸ, ಮಿಕ್ಕಿದ್ದು ಹಗುರ. ಶನಿವಾರ ನಂಜನಗೂಡಿನ ಕಡೆ ಉದ್ದ ಸವಾರಿ. ಆರನೇ ವಾರದಿಂದ ಸೈಕಲ್ ಇಳಿದ ತಕ್ಷಣ ಹತ್ತು ನಿಮಿಷ ಓಟ. ಬ್ರಿಕ್ ಅನ್ನುತ್ತಾರೆ. ಕಾಲು ಮರದ ಕೊರಡಿನ ಹಾಗೆ ಆಗಿರುತ್ತದೆ, ಐದಾರು ನಿಮಿಷಕ್ಕೆ ಬಿಡುತ್ತದೆ. ಬಿಡುತ್ತದೆ ಎಂದು ದೇಹಕ್ಕೆ ಗೊತ್ತಾಗಲಿ ಎಂದೇ ಅದನ್ನು ಮಾಡಿಸುವುದು.

ಮೂರು ವಾರ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೇ ವಾರ ಇಳಿಸುತ್ತಾರೆ. ನನಗೆ ಆರೂವರೆ ಗಂಟೆ, ಏಳು, ಏಳೂಮುಕ್ಕಾಲು, ಆಮೇಲೆ ನಾಲ್ಕೂವರೆ. ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದಿದ್ದು ಆ ನಾಲ್ಕನೇ ವಾರದ ಕಥೆಯನ್ನೇ.

ಜೂನ್ ತಿಂಗಳ ನಾಲ್ಕನೇ ಶನಿವಾರ. ಬ್ಯಾಂಕಿಗೆ ರಜೆ. ಪ್ಲಾನ್‌ನಲ್ಲಿ ಇದ್ದಿದ್ದು ಒಂದು ಗಂಟೆ ಹಗುರ ಸವಾರಿ. ಶುಕ್ರವಾರ ರಾತ್ರಿ ಗೆಳೆಯರ ಫೋನ್ ಬಂತು, ಚಾಮುಂಡಿ ಬೆಟ್ಟಕ್ಕೆ ಹೋಗೋಣ. ಮೈ ಹಗುರ ಇತ್ತು, ಹೋದೆ. ಒಂದಲ್ಲ, ಎರಡು ಸಲ ಹತ್ತಿದೆವು, ಮಳೆ ಹನಿಯುತ್ತಿತ್ತು, ಖುಷಿಯಾಯಿತು. ವಾಚ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಬೇಕೆಂದೇ ಬಿಟ್ಟು ಹೋಗಿದ್ದೆ. ಮನೆಗೆ ಬಂದು, ಮೇಡಂ ಪ್ಲಾನ್ ಹಾಕುವ ಟ್ರೇನಿಂಗ್‌ಪೀಕ್ಸ್ ಆ್ಯಪ್‌ನಲ್ಲಿ ‘ಒಂದು ಗಂಟೆ, ಹಗುರ’ ಎಂದು ಕೈಯಿಂದ ಬರೆದೆ. ಆ ಆ್ಯಪ್‌ನಲ್ಲಿ ಹೇಳಿದ್ದರ ಶೇ. 80ರಿಂದ 120ರೊಳಗೆ ಮಾಡಿದರೆ ಆ ದಿನದ ಚೌಕ ಹಸಿರಾಗುತ್ತದೆ. ತೀರಾ ಕಡಿಮೆ ಅಥವಾ ತೀರಾ ಜಾಸ್ತಿ ಆದರೆ ಹಳದಿ, ಕಿತ್ತಳೆ. ಮಾಡದೇ ಇದ್ದರೆ ಕೆಂಪು. ನನ್ನದು ಹಸಿರಾಯಿತು.

ಮುಂದಿನ ವಾರ ಹತ್ತು ಹತ್ತು ನಿಮಿಷದ ಮೂರು ಅಭ್ಯಾಸ ಇತ್ತು, 155 ವಾಟ್‌ನಲ್ಲಿ. ಎರಡನೆಯದರ ಅರ್ಧಕ್ಕೆ ಕಾಲು ಸೋತಿತು. ಬೆಳಿಗ್ಗೆ ಎದ್ದಾಗ 54 ಇರುತ್ತಿದ್ದ ನಾಡಿ 62 ತೋರಿಸುತ್ತಿತ್ತು. ಸಂಜೆ ಮೇಡಂ ಫೋನ್ ಬಂತು.

‘ಸರ್, ಹಗುರ ವಾರ ಆದ್ಮೇಲೆ ಹೀಗಾಗಬಾರದಲ್ಲ. ಜ್ವರ ಏನಾದ್ರೂ? ನಿದ್ದೆ ಕೆಟ್ಟಿದ್ಯಾ? ನಾನೇ ಜಾಸ್ತಿ ಕೊಟ್ನಾ ಅಂತ ಲೆಕ್ಕ ಮತ್ತೆ ನೋಡ್ತಾ ಇದ್ದೀನಿ. ಇಡೀ ಮುಂದಿನ ತಿಂಗಳು ಇಳಿಸೋಣ ಅಂತಿದ್ದೀನಿ.’

ತಪ್ಪು ತಮ್ಮದು ಎಂದು ಅವರು ತಮ್ಮ ಲೆಕ್ಕ ತಿದ್ದಲು ಕೂತಿದ್ದರು. ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು, ‘ನೀವು ಬೆಟ್ಟ ಹತ್ತಿದ್ದು ದೊಡ್ಡ ವಿಷಯ ಅಲ್ಲ ಸರ್. ಹೇಳಿದ್ರೆ ಮುಂದಿನ ಎರಡು ದಿನ ಬದಲಾಯಿಸ್ತಿದ್ದೆ, ಅಷ್ಟೇ. ನನಗೆ ಗೊತ್ತಿರಲಿಲ್ಲ. ಬೆಟ್ಟ ಹತ್ತದೇ ಇರೋ ಇನ್ಯಾರಿಗೋ ನಾನು ಪ್ಲಾನ್ ಬರ್ದೆ.’

ಅವತ್ತಿನಿಂದ ಆ ಚೌಕದ ಬಣ್ಣ ನೋಡುವುದನ್ನು ಬಿಟ್ಟೆ. ಪ್ರತಿ ಅಭ್ಯಾಸದ ಕೆಳಗೆ ಎಷ್ಟು ಕಷ್ಟ ಎನಿಸಿತು ಎಂದು ಒಂದರಿಂದ ಹತ್ತರೊಳಗೆ ಒಂದು ಅಂಕಿ, ಮತ್ತೆ ಒಂದೆರಡು ಸಾಲು ಬರೆಯುತ್ತೇನೆ. ‘ಬಲ ಭುಜ ಹಿಡಿದಿದೆ.’ ‘ರಾತ್ರಿ ಮಗಳಿಗೆ ಜ್ವರ, ನಾಲ್ಕು ಗಂಟೆ ನಿದ್ದೆ.’ ‘ಮಾಡಲಿಲ್ಲ, ಬೇಜಾರಾಗಿತ್ತು.’ ಈ ಕೊನೆಯದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ಮಗಳಿಗೆ ಜ್ವರ ಬಂದ ದಿನ ಬೆಳಿಗ್ಗೆ ಐದಕ್ಕೆ ನೋಡಿದರೆ ಈಜು ತೆಗೆದು ‘ಮಲಗಿ’ ಎಂದು ಹಾಕಿದ್ದರು.

ಪ್ಲಾನ್ ಪುಕ್ಕಟೆ ಸಿಗುತ್ತದೆ, ಕೋಚ್‌ಗೆ ಯಾಕೆ ದುಡ್ಡು ಎಂದು ಈಗಷ್ಟೇ ಒಬ್ಬರು ಕೇಳಿದರು. ನಾನು ತಿಂಗಳಿಗೆ ಆರು ಸಾವಿರ ಕೊಡುತ್ತೇನೆ, ನನಗೆ ಅದು ಸಣ್ಣ ಮೊತ್ತವಲ್ಲ. ಆ ದುಡ್ಡು ಕೊಡುತ್ತಿರುವುದು ನಾನು ಬರೆದ ಎರಡು ಸಾಲನ್ನು ಓದಿ ನಾಳಿನ ದಿನವನ್ನು ಬದಲಿಸುವುದಕ್ಕೆ. ಓದದೇ ಇರುವ ಕೋಚ್ ಆದರೆ ಪುಕ್ಕಟೆ ಪ್ಲಾನೇ ವಾಸಿ. ಹುಡುಕುವಾಗ ಅವರ ಶಿಷ್ಯರ ಹತ್ತಿರ ಇದೊಂದನ್ನು ಕೇಳಿ: ನೋವಿದೆ ಎಂದು ಹೇಳಿದಾಗ ಪ್ಲಾನ್ ಬದಲಾಯಿತಾ?

ಊಟದ ಬಗ್ಗೆ ಕೇಳಿದ್ದಕ್ಕೆ ಹೇಳುತ್ತೇನೆ, ಇದು ನನಗೆ ಬಹಳ ಇಷ್ಟದ ಭಾಗ. 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಜನ, ಮುಗಿಸಿದವರು 12. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಅವರ ಜೊತೆಗಾರರ ಹತ್ತಿರ ಓಟದ ನಡುವೆ ನೀರು ಮುಗಿದುಹೋಗಿ, ಬಿಯರ್ ಕೊಟ್ಟರಂತೆ. ಈಗ ಹಾಗಿಲ್ಲ. ಸೈಕಲ್ ಮೇಲೆ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು ಎಂದು ನನಗೆ ಲೆಕ್ಕ ಕೊಟ್ಟಿದ್ದಾರೆ. ಪ್ಯಾಕೆಟ್ಟಿನಿಂದ ಹೀರುವ ಸಕ್ಕರೆಯ ಜೆಲ್ ನನಗೆ ಒಗ್ಗಲಿಲ್ಲ. ಬೆಲ್ಲದ ಪಾನಕ ಆಗುತ್ತಾ ಎಂದು ಕೇಳಿದೆ. ‘ಯಾಕಾಗಲ್ಲ? ಆದ್ರೆ ಕೈ ಅಂದಾಜು ಬೇಡ, ತೂಕ ಹಾಕಿ’ ಎಂದರು. ಅಡುಗೆಮನೆ ತಕ್ಕಡಿಯಲ್ಲಿ 60 ಗ್ರಾಂ ನಮ್ಮೂರ ಆಲೆಮನೆ ಬೆಲ್ಲ, ಕಾಲು ಚಮಚ ಉಪ್ಪು, ಅರ್ಧ ನಿಂಬೆಹಣ್ಣು, 750 ಮಿಲೀ ನೀರು. ಬಟ್ಟೆಯಲ್ಲಿ ಸೋಸಬೇಕು, ಇಲ್ಲದಿದ್ದರೆ ಬಾಟಲಿ ಮೂತಿಗೆ ಕಸ ಸಿಕ್ಕಿಕೊಳ್ಳುತ್ತದೆ. ಪ್ರತಿ ಶನಿವಾರ ಅದನ್ನೇ ಕುಡಿದು ಹೊಟ್ಟೆಗೂ ಅಭ್ಯಾಸ ಮಾಡಿಸುತ್ತಿದ್ದೇನೆ.

ಬೆವರಿನ ಲೆಕ್ಕವೂ ಮಾಡಿದೆವು. ಒಂದು ಗಂಟೆ ತುಳಿಯುವ ಮೊದಲು, ಆದ ಮೇಲೆ ತೂಕ. 900 ಗ್ರಾಂ ಇಳಿದಿತ್ತು, ನಡುವೆ ಅರ್ಧ ಲೀಟರ್ ಕುಡಿದಿದ್ದೆ. ಅಂದರೆ ಗಂಟೆಗೆ ಹೆಚ್ಚು ಕಡಿಮೆ 1.4 ಲೀಟರ್ ಬೆವರು. ಇದು ಮೈಸೂರಿನ ಜುಲೈ ತಂಪಿನಲ್ಲಿ, ಮನೆಯೊಳಗೆ. ಗೋವಾದ ಸೆಕೆಗೆ ಅಕ್ಟೋಬರ್‌ನಲ್ಲಿ ಮತ್ತೆ ಲೆಕ್ಕ ಹಾಕಬೇಕು. ಕಡಲಿನಲ್ಲಿ ಈಜುವ ಅಭ್ಯಾಸವೂ ಇನ್ನೂ ಬಾಕಿ ಇದೆ.

ಹೊತ್ತಾಯಿತು. ನಾಳೆ ಸೋಮವಾರ, ನನಗೆ ವಿಶ್ರಾಂತಿ. ಪ್ಲಾನ್‌ನಲ್ಲಿ ಆ ಚೌಕವನ್ನೂ ಖಾಲಿ ಬಿಟ್ಟಿಲ್ಲ, ‘ನಿದ್ದೆ, 8 ಗಂಟೆ’ ಎಂದು ಬರೆದಿದ್ದಾರೆ. ಇವತ್ತಿನ ಓಟದ ಕೆಳಗೆ ನಾನಿನ್ನೂ ಏನೂ ಬರೆದಿಲ್ಲ. ಹನ್ನೊಂದನೇ ಕಿಲೋಮೀಟರ್ ಹತ್ತಿರ ಎಡಗಾಲ ಮೀನಖಂಡ ಸ್ವಲ್ಪ ಹಿಡಿದಿತ್ತು. ಮನೆಗೆ ಹೋದ ಮೇಲೆ ಮೊದಲು ಅದನ್ನು ಬರೆಯಬೇಕು.